ತಲೆಬುರುಡೆಗೆ ಮುಖ ಬರುವ ಬಗೆ

ಪತ್ತೇದಾರಿ ಕಾದಂಬರಿಯನ್ನು ಕೈಗೆತ್ತಿಕೊಂಡವನು ಅದನ್ನು ಮುಗಿಸದೆ ಕೆಳಗಿಡಲಾರನೆಂಬುದು ನಮ್ಮೆಲ್ಲರ ಅನುಭವ. ಪಠ್ಯಪುಸ್ತಕದ ಮರೆಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಹೋದ ಒಂದು ತಲೆಮಾರೇ ಕನ್ನಡನಾಡಿನಲ್ಲಿದ್ದಿತು. ಬೆಳಗಾವಿ ಜಿಲ್ಲೆಯ ಘೋಡಗೇರಿಯ ವಿದ್ಯಾರ್ಥಿಯೊಬ್ಬನು ರಜೆಯ ಮಧ್ಯಾಹ್ನ ಮನೆಯ ಕಟ್ಟೆಯ ಮೇಲೆ ಕುಳಿತು ಇಂತಹ ಪುಸ್ತಕದಲ್ಲಿ ಮುಳುಗಿದರೆ ಅವನನ್ನು ನಾವು ಗದರಿಸಬೇಕಾಗಿಲ್ಲ. ಒಳ್ಳೆಯ ಪತ್ತೇದಾರಿ ಕಥೆಯ ಹಿಂದೆ ಒಳ್ಳೆಯ ವಿಜ್ಞಾನವೂ ಅಡಗಿರುವುದುಂಟು.

ಅಮೆರಿಕದ ಲೇಖಕಿ ಐರಿಸ್ ಜೋಹಾನ್ಸನ್ ಅವರ ಕಾದಂಬರಿ ಮಾಲೆಯೊಂದನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳೋಣ. ೧೯೯೮ರಲ್ಲಿ ಪ್ರಾರಂಭವಾದ ಈ ಮಾಲೆಯ ನಾಯಕಿ ಈವ್ ಡಂಕನ್. ಇವಳು ಪೊಲೀಸಳಲ್ಲ, ವಿಧಿವಿಜ್ಞಾನದ ಶಿಲ್ಪಿ. ಗುರುತು ಸಿಗದ ತಲೆಬುರುಡೆಯ ಮೇಲೆ ಜೇಡಿಮಣ್ಣನ್ನಿರಿಸಿ, ಸತ್ತವರ ಮುಖವನ್ನು ಮತ್ತೆ ರೂಪಿಸುವುದೇ ಇವಳ ಕಾಯಕ. ಇವಳ ಏಳು ವರ್ಷದ ಮಗಳು ಕಾಣೆಯಾಗಿದ್ದಾಳೆ. ಮಗುವಿನ ಎಲುಬುಗಳೂ ದೊರೆತಿಲ್ಲ. ತನ್ನ ಮಗಳನ್ನು ಮನೆಗೆ ತರಲಾರದ ತಾಯಿ, ಇತರರ ಮಕ್ಕಳಿಗಾದರೂ ಹೆಸರನ್ನು ಹಿಂದಿರುಗಿಸಲು ಹೆಣಗುತ್ತಾಳೆ. ಕಥೆಯ ಕೌತುಕಕ್ಕೂ ಕರುಣೆಗೂ ಇದೇ ಮೂಲ. ಆದರೆ ಎಲುಬಿನಿಂದ ಮುಖವನ್ನು ತಿಳಿಯುವುದು ನಿಜವಾಗಿಯೂ ಸಾಧ್ಯವೆ?

ಘೋಡಗೇರಿಗೆ ಹೆಚ್ಚು ದೂರವಿಲ್ಲದ ಗೋಕಾಕವು ಗೊಂಬೆಗಳಿಗೂ ಮಣ್ಣಿನ ಹಣ್ಣುಕಾಯಿಗಳಿಗೂ ಹೆಸರಾದ ಊರು. ಅಲ್ಲಿಯ ಕುಶಲಕರ್ಮಿಯು ಮಾಡಿದ ಹಣ್ಣನ್ನು ನಿಜವಾದುದೆಂದೇ ಭ್ರಮಿಸಿ ಕೈ ನೀಡಿದವರುಂಟು. ಆದರೆ ಅವನು ಹಣ್ಣಿನ ರೂಪವನ್ನು ಕಣ್ಣಾರೆ ಕಂಡಿರುತ್ತಾನೆ. ವಿಧಿವಿಜ್ಞಾನದ ಶಿಲ್ಪಿಯ ಪಾಡು ಹಾಗಲ್ಲ. ಮಾವಿನ ಗೊರಟೆಯೊಂದನ್ನೇ ಕೊಟ್ಟು, ಇದರ ಮೇಲಿದ್ದ ಹಣ್ಣು ಹೇಗಿತ್ತೆಂದು ಮಾಡಿ ತೋರಿಸೆಂದರೆ ಏನಾದೀತೋ ಅದೇ ಇವಳ ಸಮಸ್ಯೆ.

ಈ ಸಮಸ್ಯೆಯನ್ನು ಅಳತೆಯ ಮೂಲಕ ಬಿಡಿಸಲು ಯತ್ನಿಸಿದವರಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಅಂಗರಚನಾಶಾಸ್ತ್ರಜ್ಞ ವಿಲ್ಹೆಲ್ಮ್ ಹಿಸ್ ಪ್ರಮುಖನು. ಲೈಪ್‌ಜಿಗ್ ನಗರದಲ್ಲಿ ಅಗೆದು ತೆಗೆದ ಅಸ್ಥಿಗಳು ೧೭೫೦ರಲ್ಲಿ ತೀರಿಕೊಂಡ ಸಂಗೀತಗಾರ ಬಾಖ್‌ನವೆ ಎಂಬ ಪ್ರಶ್ನೆ ಎದ್ದಾಗ, ಇವನು ಶವಗಳ ಮುಖದ ಹಲವು ಬಿಂದುಗಳಲ್ಲಿ ಸೂಜಿಯನ್ನು ಚುಚ್ಚಿ ಮಾಂಸದ ದಪ್ಪವನ್ನು ಅಳೆದನು. ಆ ಅಳತೆಗಳನ್ನು ಆಧರಿಸಿ ಸೆಫ್ನರ್ ಎಂಬ ಶಿಲ್ಪಿಯು ೧೮೯೫ರಲ್ಲಿ ಬುರುಡೆಗೆ ಮುಖವನ್ನು ಕೊಟ್ಟನು.

ಇಂದಿನ ಕ್ರಮವೂ ತತ್ತ್ವದಲ್ಲಿ ಇದೇ. ಮೊದಲು ಅಸ್ಥಿಗಳನ್ನು ಪರೀಕ್ಷಿಸಿ ವ್ಯಕ್ತಿಯ ಲಿಂಗವನ್ನೂ ವಯಸ್ಸನ್ನೂ ಅಂದಾಜು ಮಾಡುತ್ತಾರೆ. ಬಳಿಕ ಬುರುಡೆಯ ಅಚ್ಚಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಸ್ಥಾನಗಳಲ್ಲಿ ಸಣ್ಣ ಗೂಟಗಳನ್ನು ಅಂಟಿಸುತ್ತಾರೆ. ಒಂದೊಂದು ಗೂಟದ ಉದ್ದವೂ ಆ ಸ್ಥಾನದಲ್ಲಿ ಮಾಂಸವು ಸರಾಸರಿ ಎಷ್ಟು ದಪ್ಪವಿರುವುದೆಂಬುದನ್ನು ಸೂಚಿಸುತ್ತದೆ. ಹಣೆಯ ಮೇಲೆ ಅದು ಸುಮಾರು ೪–೫ ಮಿಲಿಮೀಟರು. ಕೆನ್ನೆಯಲ್ಲಿ ಅದರ ಹಲವು ಪಟ್ಟು. ಗೂಟಗಳ ಮಟ್ಟಕ್ಕೆ ಮಣ್ಣನ್ನು ತುಂಬುತ್ತ ಬಂದಂತೆ ಮುಖವೊಂದು ಮೂಡುತ್ತದೆ. ರಷ್ಯದ ಮಿಖಾಯಿಲ್ ಗೆರಾಸಿಮೊವ್ ಸ್ನಾಯುಗಳ ರಚನೆಗೆ ಹೆಚ್ಚಿನ ಗಮನವಿತ್ತನು. ೧೯೪೧ರಲ್ಲಿ ಸಮರಖಂಡದ ಗೋರಿಯನ್ನು ತೆರೆದು, ತೈಮೂರನ ಮುಖವನ್ನು ಪುನಃ ರಚಿಸಿದವನು ಇವನೇ. ಈಗ ಗಣಕಯಂತ್ರದಲ್ಲಿಯೂ ಈ ಕೆಲಸ ನಡೆಯುತ್ತದೆ.

ಇಲ್ಲಿ ನಾವು ಎಚ್ಚರದಿಂದಿರಬೇಕು. ಹಣೆಯ ಇಳಿಜಾರು, ದವಡೆಯ ಅಗಲ, ಕಣ್ಣುಗಳ ಅಂತರ, ಹಲ್ಲಿನ ಸಾಲು ಇವನ್ನು ಬುರುಡೆ ಹೇಳಬಲ್ಲದು. ಮೂಗಿನ ತುದಿ, ತುಟಿಯ ತೋರ, ಕಿವಿಯ ಆಕಾರ ಇವುಗಳ ವಿಷಯದಲ್ಲಿ ಅದು ತೊದಲುತ್ತದೆ. ತಲೆಗೂದಲಿನ ಬಗೆ, ಮೀಸೆ, ನಗೆ ಇವನ್ನಂತೂ ಹೇಳಲಾರದು. ವ್ಯಕ್ತಿ ದಪ್ಪಗಿದ್ದನೋ ಬಡಕಲಾಗಿದ್ದನೋ ಎಂಬುದೂ ಬುರುಡೆಯಿಂದ ತಿಳಿಯದು. ಕಾದಂಬರಿಯಲ್ಲಿ ಕೊನೆಯ ಮಣ್ಣು ಬಿದ್ದೊಡನೆ ಸತ್ತವರು ಕಣ್ಣೆದುರಿಗೆ ನಿಲ್ಲುತ್ತಾರೆ. ನಿಜಜೀವನದಲ್ಲಿ ದೊರೆಯುವುದು ಹೋಲಿಕೆ ಮಾತ್ರ.

ಹಾಗಾದರೆ ಇದರಿಂದ ಪ್ರಯೋಜನವೇನು? ನೆನಪನ್ನು ಕೆರಳಿಸುವುದೇ ಇದರ ಉದ್ದೇಶ. ಪತ್ರಿಕೆಯಲ್ಲಿ ಆ ಮುಖವನ್ನು ಕಂಡು, ‘ಇದು ನಮ್ಮವನಂತಿದೆಯಲ್ಲ!’ ಎಂದು ಒಬ್ಬರು ಮುಂದೆ ಬಂದರೆ ಸಾಕು, ಶಿಲ್ಪಿಯ ಕೆಲಸ ಸಾರ್ಥಕವಾಯಿತು. ಆಮೇಲಿನದು ಪರೀಕ್ಷೆಯ ಕೆಲಸ. ೧೯೩೫ರಲ್ಲಿ ಸ್ಕಾಟ್ಲೆಂಡಿನ ಕಂದರವೊಂದರಲ್ಲಿ ಇಬ್ಬರು ಸ್ತ್ರೀಯರ ಅವಶೇಷಗಳು ದೊರೆತವು. ಮುಂಬಯಿಯಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಬಕ್ ರಕ್ಸ್ಟನ್ ಎಂಬ ವೈದ್ಯನ ಮೇಲೆ ಸಂದೇಹ ಬಿದ್ದಿತು. ಗ್ಲೇಸ್ಟರ್ ಮತ್ತು ಬ್ರಾಷ್ ಎಂಬ ಪ್ರಾಧ್ಯಾಪಕರು ವೈದ್ಯನ ಪತ್ನಿಯೆನಿಸಿದ್ದವಳ ಭಾವಚಿತ್ರವನ್ನು ಬುರುಡೆಯ ಛಾಯಾಚಿತ್ರದೊಡನೆ ಒಂದರ ಮೇಲೊಂದಿರಿಸಿ ಹೋಲಿಸಿದರು; ಎರಡೂ ಹೊಂದಿಕೊಂಡವು. ಆದರೆ ಅವರು ಇದೊಂದನ್ನೇ ನೆಚ್ಚಲಿಲ್ಲ. ಇತರ ಸಾಕ್ಷ್ಯಗಳನ್ನೂ ಒದಗಿಸಿದರು. ಹೊಂದದಿದ್ದರೆ ಅದು ಆ ವ್ಯಕ್ತಿಯದಲ್ಲವೆಂದು ಧೈರ್ಯವಾಗಿ ಹೇಳಬಹುದು. ಹೊಂದಿದಮಾತ್ರಕ್ಕೆ ಅವನದೇ ಎನ್ನಲಾಗದು. ಇಂದು ಕೊನೆಯ ಮಾತನ್ನು ಹೇಳುವುದು ಬಹುಮಟ್ಟಿಗೆ ಡಿ.ಎನ್.ಎ. ಪರೀಕ್ಷೆ. ಬೆಂಗಳೂರಿನ ಮಡಿವಾಳದಲ್ಲಿರುವ ನಮ್ಮ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿಯೂ ಅದು ನಡೆಯುತ್ತದೆ.

ಬದುಕಿರುವವರ ಮುಖವನ್ನು ಸಾಕ್ಷಿಗಳ ಮಾತಿನಿಂದ ಬರೆಯುವುದು ವಿಧಿವಿಜ್ಞಾನ ಕಲಾವಿದನ ಮತ್ತೊಂದು ಕೆಲಸ. ೨೦೧೭ರ ಸೆಪ್ಟೆಂಬರ್ ೫ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಕೊಲೆಯಾಯಿತು. ತನಿಖಾದಳವು ಅಕ್ಟೋಬರ್ ೧೪ರಂದು ಶಂಕಿತರ ಮೂರು ರೇಖಾಚಿತ್ರಗಳನ್ನು ಪ್ರಕಟಿಸಿ ಜನರ ನೆರವನ್ನು ಕೋರಿತು. ಇಂತಹ ಚಿತ್ರಕ್ಕೆ ಬುರುಡೆಯ ಆಧಾರವೂ ಇಲ್ಲ, ನೆನಪೊಂದೇ ಬಂಡವಾಳ. ನೆನಪು ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹವೆಂಬುದನ್ನು ವಾಚಕರು ತಾವೇ ಪರೀಕ್ಷಿಸಬಹುದು. ಅಪರಿಚಿತನೊಬ್ಬನನ್ನು ತರಗತಿಯೊಳಕ್ಕೆ ಅರೆನಿಮಿಷ ಕರೆತಂದು ಕಳುಹಿಸಿರಿ. ಹತ್ತು ನಿಮಿಷಗಳ ತರುವಾಯ ಅವನ ಮೂಗು, ಹುಬ್ಬು, ಕಿವಿಗಳನ್ನು ಪ್ರತಿಯೊಬ್ಬರೂ ಪ್ರತ್ಯೇಕವಾಗಿ ವರ್ಣಿಸಿ ಬರೆಯಲಿ. ಎಲ್ಲರ ಬರಹಗಳನ್ನೂ ಕೂಡಿಸಿ ಓದಿದಾಗ, ಬಂದವನು ಒಬ್ಬನೋ ಹಲವರೋ ಎಂಬ ಸಂದೇಹ ಬರುವುದು.

ಹೋಲಿಕೆಯನ್ನೇ ಪ್ರಮಾಣವೆಂದು ಬಗೆದರೆ ನಿರಪರಾಧಿಯು ಸೆರೆಮನೆಗೆ ಹೋದಾನು. ಬೇರೊಬ್ಬರ ಅಸ್ಥಿಗಳನ್ನು ತನ್ನ ಮಗುವಿನವೆಂದು ನಂಬಿ ತಾಯಿಯೊಬ್ಬಳು ಹುಡುಕಾಟವನ್ನೇ ನಿಲ್ಲಿಸಿಯಾಳು. ಆದುದರಿಂದ ಕಲಾವಿದನು ಕೊಡುವುದು ಉತ್ತರವಲ್ಲ, ಸುಳಿವು. ಇಷ್ಟನ್ನು ತಿಳಿದು ಓದಿದರೆ ಕಥೆಯ ಸವಿ ಕುಗ್ಗುವುದಿಲ್ಲ, ಹೆಚ್ಚುತ್ತದೆ. ಮಣ್ಣಿನ ಮುಖವು ಪೂರ್ಣವಾದ ಪುಟದಲ್ಲಿ ಇತರರು ನಿಟ್ಟುಸಿರಿಡುವಾಗ, ‘ಇನ್ನು ಪ್ರಮಾಣವೆಲ್ಲಿ?’ ಎಂದು ಕೇಳುವ ವಾಚಕನೇ ನಿಜವಾದ ಪತ್ತೇದಾರನು.