ಹಟ್ಟಿಯ ಬೇಲಿಯಾಚೆ ಒಂದು ರೂಮು

ಬೆಂಗಳೂರಿಂದ ಪುಣೆ ಹೈವೇ ಹಿಡಿದರೆ ಸಿರಾ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಬುಕ್ಕಾಪಟ್ಟಣ. ಅದನ್ನೂ ದಾಟಿ ಗುಡ್ಡದ ಕಡೆ ಹೋಗೋ ಮಣ್ಣು ದಾರಿಯ ಕೊನೆಯಲ್ಲಿ ನಮ್ಮ ಹಟ್ಟಿ. ಗುಡ್ಡ ಅಂದಕೂಡಲೇ ಚಿಕ್ಕಮಗಳೂರಿನ ಮಂಜು, ಕಾಫಿ ತೋಟ ನೆನಪಿಸಿಕೊಳ್ಳಬೇಡಿ. ಇಲ್ಲಿರೋದು ಬಂಡೆ, ಜಾಲಿ ಮುಳ್ಳು, ಅಲ್ಲಲ್ಲಿ ಕಮರದ ಮರ. ಮಳೆ ಬಂದ ವರ್ಷ ರಾಗಿ, ಕಡಲೆಕಾಯಿ. ಬಾರದ ವರ್ಷ ಕುರಿಯೇ ಗತಿ.

ನಾವು ಕಾಡುಗೊಲ್ಲರು. ಸಿರಾ, ಹಿರಿಯೂರು, ಚಳ್ಳಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಊರಿಗೆ ಅಂಟಿಕೊಳ್ಳದೆ ದೂರದಲ್ಲಿ ಸುತ್ತ ಮುಳ್ಳುಬೇಲಿ ಹಾಕಿಕೊಂಡು ಇರೋ ಸಣ್ಣ ಸಣ್ಣ ಹಟ್ಟಿಗಳು ನಮ್ಮವು. ನಮ್ಮದರಲ್ಲಿ 34 ಮನೆ. ಅದರಲ್ಲಿ ಹತ್ತಕ್ಕೆ ಬೀಗ, ಯಜಮಾನರು ಪೀಣ್ಯದಲ್ಲೋ ನೆಲಮಂಗಲದಲ್ಲೋ ಕೆಲಸಕ್ಕಿದ್ದಾರೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರೋದರಿಂದ ಕುಡಿಯೋ ನೀರನ್ನು ಕೆಳಗಿನ ಊರಿನ ಘಟಕದಿಂದ ಕ್ಯಾನಿನಲ್ಲಿ ತರಬೇಕು. ಫೋನಿನ ಸಿಗ್ನಲ್ ಬೇಕಾದರೆ ದೇವಸ್ಥಾನದ ಹಿಂದಿನ ಬಂಡೆ ಹತ್ತಬೇಕು. ಲಾಕ್‌ಡೌನ್‌ನಲ್ಲಿ ಆ ಬಂಡೆಯ ಮೇಲೆ ಕೊಡೆ ಹಿಡಿದು ಕೂತು ಸ್ಟ್ಯಾಂಡಪ್ ಮೀಟಿಂಗ್ ಮುಗಿಸಿದ್ದೀನಿ.

ಈ ಕಾಡು ಸುದ್ದಿಯಾಗಿದ್ದು ಚಿಂಕಾರದಿಂದ. ಉತ್ತರ ಕರ್ನಾಟಕದಲ್ಲಿ ಮಾತ್ರ ಇದೆ ಅಂದುಕೊಂಡಿದ್ದ ಈ ಪುಟ್ಟ ಜಿಂಕೆ, ಸಂಜಯ್ ಗುಬ್ಬಿಯವರ ತಂಡ ಇಟ್ಟ ಕ್ಯಾಮೆರಾಗಳಲ್ಲಿ ಇಲ್ಲಿ ಸಿಕ್ಕಿತು. 2019ರಲ್ಲಿ ಸುಮಾರು 136 ಚದರ ಕಿಲೋಮೀಟರ್ ಕಾಡು ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿ ಧಾಮವಾಯಿತು. ಎಲೆಯಲ್ಲಿರೋ ತೇವದಲ್ಲೇ ಎಷ್ಟೋ ದಿನ ಬದುಕೋ ಪ್ರಾಣಿ ಅದು. ಈ ಸೀಮೆಗೆ ಹೇಳಿ ಮಾಡಿಸಿದ ಹಾಗಿದೆ ಅಂತ ನಮ್ಮಪ್ಪನೂ ಒಪ್ತಾನೆ. ಆದರೆ ಅದರ ಜೊತೆಗೆ ಕೊಂಡುಕುರಿ, ಕರಡಿ, ಚಿರತೆಗಳೂ ಇವೆ. ಕುರಿ ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಅನ್ನೋ ತಕರಾರೂ ಇದೆ. ಅಣ್ಣ ಮಂದೆಯನ್ನು 80ರಿಂದ 30ಕ್ಕೆ ಇಳಿಸಿದ. ಆ ಕಥೆ ಬೇರೆ, ಇನ್ನೊಂದು ಸಲ ಬರೀತೀನಿ.

ಚಿರತೆ ವಿಷಯ ತೆಗೆದಿದ್ದಕ್ಕೆ ಕಾರಣ ಬೇರೆ ಇದೆ. ನಮ್ಮ ಹೆಂಗಸರು ತಿಂಗಳಿಗೆ ಮೂರು ದಿನ ಬೇಲಿಯ ಆಚೆ ಮಲಗ್ತಾರೆ. ಹೆತ್ತರೆ ಕೂಸಿನ ಜೊತೆ ಇನ್ನೂ ಹೆಚ್ಚು ದಿನ. ಎಷ್ಟು ದಿನ ಅನ್ನೋ ಲೆಕ್ಕ ಹಟ್ಟಿಯಿಂದ ಹಟ್ಟಿಗೆ ಬೇರೆ. ನಮ್ಮಲ್ಲಿ ಅಜ್ಜಿ ಕಾಲಕ್ಕೆ ಮೂರು ತಿಂಗಳು, ಈಗ ಒಂದು ತಿಂಗಳು. ಸೋಗೆ ಹೊದಿಸಿದ ಗುಡ್ಲು, ಒಳಗೆ ಬಗ್ಗಿಕೊಂಡೇ ಹೋಗಬೇಕು. ದೀಪ ಇಲ್ಲ, ಬಾಗಿಲೂ ಇಲ್ಲ.

ಇದು ಗುಟ್ಟೇನಲ್ಲ. 2023ರ ಜುಲೈನಲ್ಲಿ ತುಮಕೂರು ಹತ್ತಿರದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಹೊರಗಿನ ಗುಡಿಸಲಿನಲ್ಲಿಟ್ಟು, ಮಳೆ ಚಳಿಗೆ ಕೂಸು ತೀರಿಕೊಂಡಾಗ ಎಲ್ಲಾ ಚಾನೆಲ್‌ನಲ್ಲೂ ಬಂತು. ಮೂಢನಂಬಿಕೆ ತಡೆಗೆ ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ಮುಟ್ಟಾದವರನ್ನು, ಬಾಣಂತಿಯರನ್ನು ಹೀಗೆ ಹೊರಗಿಡೋದು ಅದರ ಪ್ರಕಾರ ಅಪರಾಧ. ಆದರೆ ನಮ್ಮ ಹಟ್ಟಿಯಲ್ಲಿ ಪೊಲೀಸಿಗೆ ದೂರು ಕೊಡೋದು ಯಾರು? ಅವ್ವನ ಮೇಲೆ ಮಗಳೇ?

ಹೋದ ವರ್ಷ ಅತ್ತಿಗೆಗೆ ಎರಡನೇ ಹೆರಿಗೆ, ಅದೂ ಧನುರ್ಮಾಸದ ಚಳಿಯಲ್ಲಿ. ತವರಿಗೆ ಕಳಿಸೋಣ ಅಂದರೆ ಅವಳ ತವರೂ ಹಿರಿಯೂರು ಕಡೆಯ ಒಂದು ಹಟ್ಟಿಯೇ. ಬೆಂಗಳೂರಿಗೆ ಕರ್ಕೊಂಡು ಬರ್ತೀನಿ ಅಂದೆ. "ದೊಡ್ಡವನನ್ನ ಬಿಟ್ಟು ಹೆಂಗ್ ಬರಲಿ? ಆಮೇಲೆ ವಾಪಸ್ ಇಲ್ಲಿಗೇ ತಾನೆ ಬರಬೇಕು?" ಅಂದಳು ಅತ್ತಿಗೆ.

ಅಪ್ಪನನ್ನು ಕೇಳಿದೆ. "ದೇವ್ರು ಹಟ್ಟೀಲಿ ಐತೆ ಕಣವ್ವ, ಹೆಂಗ್ ಒಳಗ್ ಕರ್ಕಳಾನ?" ಅಪ್ಪ ಕೆಟ್ಟ ಮನುಷ್ಯನಲ್ಲ. ಜಮೀನು ಅಡ ಇಟ್ಟು ನನ್ನನ್ನು ಇಂಜಿನಿಯರಿಂಗ್ ಓದಿಸಿದವನು. ಜುಂಜಪ್ಪನ ಮೇಲಿನ ಭಯ ಅವನಿಗೆ ಬೇರೆಯದೇ ಜಾಗದಲ್ಲಿದೆ, ಅಲ್ಲಿಗೆ ನನ್ನ ಮಾತು ತಲುಪೋದಿಲ್ಲ. ಅಜ್ಜಿಯಂತೂ, "ನಿಮ್ಮಪ್ಪನ್ನ ಆ ಬೇವಿನ ಮರದ ಕೆಳಗೇ ಹೆತ್ತೆ, ಸತ್ನಾ?" ಅಂತ ಕೇಳಿದಳು. ಅದಕ್ಕೂ ಮುಂಚೆ ಅವಳದೇ ಎರಡು ಕೂಸು ಹೋಗಿದ್ದವಂತೆ. ಅವ್ವ ಆಮೇಲೆ ಹೇಳಿದಳು, ಅದೂ ಹಿತ್ತಲಲ್ಲಿ, ಪಿಸುಮಾತಲ್ಲಿ.

ಕೊನೆಗೆ ಅಣ್ಣನೂ ನಾನೂ ಸೇರಿ ಬೇಲಿಯಿಂದ ಇಪ್ಪತ್ತು ಹೆಜ್ಜೆ ಆಚೆ ಒಂದು ರೂಮು ಕಟ್ಟಿಸಿದೆವು. ಸಿಮೆಂಟ್ ಇಟ್ಟಿಗೆ, ಮೇಲೆ ಶೀಟು, ಬಲ್ಬು, ನಲ್ಲಿ, ಪಕ್ಕದಲ್ಲೇ ಬಚ್ಚಲು ಕಕ್ಕಸು. ಎಲ್ಲಕ್ಕಿಂತ ಮುಖ್ಯವಾಗಿ ಒಳಗಿನಿಂದ ಹಾಕಿಕೊಳ್ಳೋ ಗಟ್ಟಿ ಚಿಲಕ. ಸರ್ಕಾರವೂ ಕೆಲವು ಹಟ್ಟಿಗಳಲ್ಲಿ 'ಕೃಷ್ಣ ಕುಟೀರ' ಅಂತ ಇಂಥದ್ದೇ ಕಟ್ಟಿಸಿದೆ, ನಮ್ಮ ಹಟ್ಟಿಗೆ ಬಂದಿರಲಿಲ್ಲ.

ಆಫೀಸಿನ ಗೆಳತಿಗೆ ಹೇಳಿದಾಗ ಅವಳು ಸುಮ್ಮನೆ ಬಿಡಲಿಲ್ಲ. "ನೀನು ದುಡ್ಡು ಕೊಟ್ಟು ಪದ್ಧತಿಗೇ ಸಿಮೆಂಟ್ ಹಾಕಿಸ್ತಿದ್ದೀಯ" ಅಂದಳು. ಅವಳ ಮಾತು ಸರಿ. ನಮ್ಮ ಫೀಲ್ಡಿನಲ್ಲಿರೋರಿಗೆ ಗೊತ್ತು, ಈ ವಾರದ ಮಟ್ಟಿಗೆ ಅಂತ ಹಾಕಿದ ಪ್ಯಾಚು ಹತ್ತು ವರ್ಷ ಪ್ರೊಡಕ್ಷನ್‌ನಲ್ಲಿ ಓಡ್ತಿರುತ್ತೆ. ಚೆನ್ನಾಗಿ ಓಡಿದಷ್ಟೂ ಅದನ್ನು ಯಾರೂ ಮುಟ್ಟೋದಿಲ್ಲ. ಗುಡ್ಲು ಸೋರುತ್ತೆ ಅಂತಲಾದರೂ ಜನ ಬೈತಿದ್ದರು, ರೂಮು ಸೋರೋದಿಲ್ಲ. ಆದರೂ ನಾನು ಅವಳಿಗೆ ಹೇಳಿದ್ದಿಷ್ಟೇ: ಪದ್ಧತಿ ಹೋಗೋಕೆ ಎಷ್ಟು ವರ್ಷ ಬೇಕೋ ಗೊತ್ತಿಲ್ಲ, ಕೂಸು ಹುಟ್ಟೋಕೆ ಇನ್ನು ಏಳು ವಾರ ಇದೆ.

ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಆಶಾ ಕಾರ್ಯಕರ್ತೆ ಹಠ ಹಿಡಿದು ಮೂರು ದಿನ ಮುಂಚೆಯೇ ಸಿರಾಕ್ಕೆ ಸೇರಿಸಿದ್ದರು. ಇಲ್ಲದಿದ್ದರೆ 108 ಆಂಬುಲೆನ್ಸ್ ನಮ್ಮ ದಾರಿಯ ತಿರುವಿನ ತನಕ ಮಾತ್ರ ಬರೋದು, ಉಳಿದದ್ದು ಟ್ರಾಕ್ಟರ್. ಹೆಣ್ಣು ಕೂಸು, 2 ಕೆ.ಜಿ. 600 ಗ್ರಾಂ. ವಾಪಸ್ ಬಂದವರು ನೇರ ರೂಮಿಗೆ ಹೋದರು. ಅಣ್ಣ ಹೊಸಿಲ ಆಚೆ ಕಂಬಳಿ ಹೊದ್ದು, ಟಾರ್ಚು ದೊಣ್ಣೆ ಇಟ್ಕೊಂಡು ಮಲಗ್ತಿದ್ದ.

ನಾಲ್ಕನೇ ರಾತ್ರಿ ಪಕ್ಕದ ಮನೆಯ ರೊಪ್ಪದಿಂದ ಚಿರತೆ ಒಂದು ಮೇಕೆ ಹೊತ್ಕೊಂಡು ಹೋಯಿತು. ನಾಯಿಗಳ ಗಲಾಟೆಗೆ ಇಡೀ ಹಟ್ಟಿ ಎದ್ದಿತ್ತು. ಅಣ್ಣ ಉಳಿದವರ ಜೊತೆ ಮೇಕೆ ಹುಡುಕೋಕೆ ಓಡಿದ್ದ. ತಿರುಗಿ ಬಂದು ನೋಡಿದರೆ ಅಜ್ಜಿ ರೂಮಿನ ಒಳಗೆ, ಚಿಲಕ ಹಾಕಿಕೊಂಡು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೆಳಗ್ಗೆ ತಲೆಗೆ ನೀರು ಹಾಕ್ಕೊಂಡು ಹಟ್ಟಿ ಒಳಗೆ ಬಂದಳು. ಯಾರೂ ಏನೂ ಕೇಳಲಿಲ್ಲ. ಮಾರನೇ ರಾತ್ರಿಯೂ ಹೋದಳು. ಆಮೇಲೆ ಅವ್ವನೂ ಹೋದಳು.

ಅತ್ತಿಗೆ ಇಪ್ಪತ್ತೊಂದನೇ ದಿನಕ್ಕೇ ಮನೆಗೆ ಬಂದಳು. ಒಂಬತ್ತು ದಿನ ಕಮ್ಮಿ ಮಾಡಿಸಿದ್ದು ಅಜ್ಜಿ, ದೇವಸ್ಥಾನದ ಪೂಜಾರಿ ಹತ್ತಿರ ತಾನೇ ಹೋಗಿ ಮಾತಾಡಿ. ಏನು ಮಾತಾಡಿದಳೋ ಇವತ್ತಿಗೂ ಹೇಳಿಲ್ಲ.

ನಾನಂತೂ ಈಗಲೂ ಊರಿಗೆ ಹೊರಡೋ ಮುಂಚೆ ಫೋನಿನ ಪೀರಿಯಡ್ ಆ್ಯಪ್ ನೋಡಿಯೇ ಬಸ್ ಟಿಕೆಟ್ ಬುಕ್ ಮಾಡೋದು. ರೂಮಿನ ಬೀಗದ ಕೈ ಅತ್ತಿಗೆ ಹತ್ತಿರ ಇದೆ. ಹಟ್ಟಿಯ ಬೇರೆ ಹೆಂಗಸರೂ ಕೇಳಿ ಇಸ್ಕೊಂಡು ಹೋಗ್ತಾರೆ. ಈ ವರ್ಷ ಎಸ್ಸೆಸ್ಸೆಲ್ಸಿ ಬರೆಯೋ ಹುಡುಗಿಯೊಬ್ಬಳು ಮುಟ್ಟಿಲ್ಲದ ದಿನವೂ ಕೀ ಕೇಳ್ತಾಳಂತೆ. ಮನೆಯಲ್ಲಿ ಟಿವಿ ಗಲಾಟೆ, ಅಲ್ಲಾದರೆ ಓದಬಹುದು ಅಂತ. ದೇವರಿಗೆ ಅದರಿಂದ ತೊಂದರೆ ಏನಾದರೂ ಇದೆಯಾ ಅಂತ ಅಪ್ಪ ಇನ್ನೂ ಯೋಚನೆ ಮಾಡ್ತಿದ್ದಾನೆ.