ಗುರುತಿನ ಸಂಖ್ಯೆಯೂ ತೆರಿಗೆದಾರನ ವೆಚ್ಚವೂ

ಸರಕಾರದ ಆಯವ್ಯಯ ಪತ್ರದಲ್ಲಿ ಕಾಣಿಸಿಕೊಳ್ಳುವ ವೆಚ್ಚ ಒಂದು ಬಗೆಯದು. ಸರಕಾರದ ಅಪ್ಪಣೆಯಂತೆ ನಡೆದುಕೊಳ್ಳುವುದಕ್ಕಾಗಿ ಪ್ರಜೆಗಳು ತಮ್ಮ ಕೈಯಿಂದ ಮಾಡುವ ವೆಚ್ಚ ಇನ್ನೊಂದು ಬಗೆಯದು. ಮೊದಲನೆಯದನ್ನು ಲೆಕ್ಕಪರಿಶೋಧಕರು ನೋಡುತ್ತಾರೆ, ಸಂಸತ್ತು ಚರ್ಚಿಸುತ್ತದೆ. ಎರಡನೆಯದನ್ನು ಬರೆದಿಡುವ ಖಾತೆಯೇ ಇಲ್ಲ. ಪ್ಯಾನ್ ಸಂಖ್ಯೆಗೆ ಆಧಾರ್ ಸಂಖ್ಯೆಯನ್ನು ಜೋಡಿಸಬೇಕೆಂಬ ವಿಧಿಯು ಈ ಎರಡನೆಯ ಬಗೆಗೆ ಒಳ್ಳೆಯ ನಿದರ್ಶನ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರು ಇದನ್ನು ವಿಶೇಷವಾಗಿ ವಿಚಾರಿಸಬೇಕಾದುದಕ್ಕೆ ಕಾರಣಗಳುಂಟು.

ಆಧಾರ್ ಮೊದಲಾದುದು ಮಹಾರಾಷ್ಟ್ರದಲ್ಲಿಯೇ, ೨೦೧೦ರ ಸೆಪ್ಟೆಂಬರ್ ೨೯ರಂದು, ನಂದುರಬಾರ ಜಿಲ್ಲೆಯ ಟೆಂಭಲಿ ಎಂಬ ಹಳ್ಳಿಯಲ್ಲಿ. ಪ್ರಾಧಿಕಾರದ ಮೊದಲ ಅಧ್ಯಕ್ಷರಾದ ನಂದನ್ ನಿಲೇಕಣಿಯವರು ಬೆಂಗಳೂರಿನವರು. ೨೦೧೨ರಲ್ಲಿ ಈ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳು. ಕಟ್ಟಿದವರೂ ತಡೆದು ಕೇಳಿದವರೂ ಕನ್ನಡನಾಡಿನವರೇ ಆದುದು ಒಂದು ಸೋಜಿಗ. ೨೦೧೮ರ ಸೆಪ್ಟೆಂಬರ್ ೨೬ರ ತೀರ್ಪಿನಲ್ಲಿ ನ್ಯಾಯಾಲಯವು ಬ್ಯಾಂಕಿನ ಖಾತೆಗೆ ಆಧಾರ್ ಜೋಡಿಸುವ ಕಡ್ಡಾಯವನ್ನು ತೆಗೆದುಹಾಕಿತು. ಪ್ಯಾನ್ ಜೋಡಣೆಯನ್ನು ಮಾತ್ರ ಎತ್ತಿಹಿಡಿಯಿತು. ಆ ಜೋಡಣೆಗಾಗಿ ೧೯೬೧ರ ಆದಾಯತೆರಿಗೆ ಶಾಸನದಲ್ಲಿ ೨೦೧೭ರಲ್ಲಿಯೇ ಹೊಸ ಕಲಮು ಸೇರಿತ್ತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ, ೨೦೨೨ರ ಏಪ್ರಿಲಿನಿಂದ ೫೦೦ ರೂಪಾಯಿ, ಜುಲೈಯಿಂದ ೧,೦೦೦ ರೂಪಾಯಿ ಶುಲ್ಕ ಬಿತ್ತು. ೨೦೨೩ರ ಜುಲೈ ೧ರಿಂದ, ಜೋಡಿಸದ ಪ್ಯಾನ್ ನಿಷ್ಕ್ರಿಯವೆನಿಸಿತು. ೨೦೨೪ರ ಫೆಬ್ರವರಿಯಲ್ಲಿ ಲೋಕಸಭೆಗೆ ತಿಳಿಸಿದಂತೆ, ಆ ಜುಲೈಯಿಂದ ಜನವರಿ ಕೊನೆಯವರೆಗಿನ ಏಳು ತಿಂಗಳಲ್ಲಿ ಈ ಶುಲ್ಕದಿಂದ ಬಂದ ಹಣ ೬೦೧.೯೭ ಕೋಟಿ ರೂಪಾಯಿ. ಎಂದರೆ ಸುಮಾರು ಅರವತ್ತು ಲಕ್ಷ ಜನ ತೆತ್ತ ಹಣ. ಅಷ್ಟಾದರೂ ೧೧.೪೮ ಕೋಟಿ ಪ್ಯಾನ್‌ಗಳು ಜೋಡಣೆಯಾಗದೆ ಉಳಿದಿದ್ದವು. ಇಷ್ಟೊಂದು ಜನರೆಲ್ಲ ಉದಾಸೀನರೆಂದು ನಂಬುವುದು ಕಷ್ಟ.

ತೊಡಕಿನ ಒಂದು ಮೂಲ ಹೆಸರಿನಲ್ಲಿದೆ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳ ಕ್ರಮ ಮಹಾರಾಷ್ಟ್ರದಲ್ಲಿ ರೂಢವಾದುದು. ೧೯೫೬ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಧಾರವಾಡ, ಬೆಳಗಾವಿಗಳ ಕಡೆಯವರಿಗೂ ಅದು ಅಪರಿಚಿತವಲ್ಲ. ಹಳೆಯ ಮೈಸೂರಿನವರ ರೂಢಿ ಬೇರೆ: ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಅನಂತರ ತನ್ನ ಹೆಸರು, ಅನೇಕರಿಗೆ ಅಡ್ಡಹೆಸರೆಂಬುದೇ ಇಲ್ಲ. ಪ್ಯಾನಿನ ಅರ್ಜಿಯಾದರೋ ಅಡ್ಡಹೆಸರನ್ನೇ ಮೊದಲು ಕೇಳುತ್ತಿತ್ತು. ಮೊದಲಕ್ಷರಗಳನ್ನು ಒಪ್ಪದೆ ಬಿಡಿಸಿ ಬರೆಯಬೇಕೆನ್ನುತ್ತಿತ್ತು. ಎಚ್. ಆರ್. ಸುರೇಶ ಎಂಬ ಕಲ್ಪಿತ ವ್ಯಕ್ತಿ ಹಾಸನವನ್ನು ಅಡ್ಡಹೆಸರಾಗಿ ಬರೆದರೆ ಆತನ ಪ್ಯಾನಿನ ಐದನೆಯ ಅಕ್ಷರ ‘ಎಚ್’ ಆಗುತ್ತದೆ. ಸುರೇಶ ಎಂದೇ ಬರೆದರೆ ‘ಎಸ್’. ಆಧಾರ್ ಹೆಸರನ್ನು ಭಾಗ ಮಾಡದೆ ಒಂದೇ ಸಾಲಿನಲ್ಲಿ ಬರೆದುಕೊಳ್ಳುತ್ತದೆ. ಅಲ್ಲಿ ಆತ ಸುರೇಶ ಎಚ್. ಆರ್. ಆಗಿಯೇ ಉಳಿಯಬಹುದು. ಸೊಸೆಯಾಗಿ ಠಾಣೆಗೆ ಬಂದ ಹೆಣ್ಣುಮಗಳ ತೊಡಕು ಇನ್ನೂ ಹೆಚ್ಚಿನದು: ತವರಿನ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು, ಇಲ್ಲಿನ ಪಡಿತರ ಚೀಟಿಯಲ್ಲಿ ನಡುವೆ ಗಂಡನ ಹೆಸರು. ಒಬ್ಬಳೇ ವ್ಯಕ್ತಿ, ಎರಡು ಹೆಸರು.

ಹೀಗೆ ಹೊಂದದ ಹೆಸರನ್ನು ಹೊಂದಿಸುವ ಹೊಣೆಯನ್ನು ಕಚೇರಿಗಳೆರಡೂ ಹೊರುವುದಿಲ್ಲ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶಗಳು. ಡೊಂಬಿವಲಿಯಿಂದ ಬೆಳಗಿನ ಗಾಡಿ ಹಿಡಿದು ಮುಂಬಯಿಗೆ ಹೋಗುವ ನೌಕರನು ಇದಕ್ಕಾಗಿ ಕಳೆಯುವ ರಜೆ, ಹೋಟೆಲಿನ ಕೆಲಸಗಾರನು ಕಳೆದುಕೊಳ್ಳುವ ದಿನಗೂಲಿ, ಅರ್ಜಿ ತುಂಬಿಕೊಡುವ ಮಧ್ಯವರ್ತಿಗೆ ಸಲ್ಲುವ ದುಡ್ಡು, ಇವು ಯಾವುವೂ ಮೇಲೆ ಹೇಳಿದ ೬೦೧ ಕೋಟಿಯಲ್ಲಿ ಸೇರಿಲ್ಲ.

ತಪ್ಪಿದವನು ತೆರಲಿ ಎಂದು ವಾದಿಸುವವರು ಮನೆಯ ಕ್ರಯದ ಪ್ರಕರಣವನ್ನು ಗಮನಿಸಬೇಕು. ೨೦೧೩ರ ಜೂನ್ ೧ರಿಂದ ಬಂದ ನಿಯಮದಂತೆ, ೫೦ ಲಕ್ಷ ರೂಪಾಯಿ ಅಥವಾ ಹೆಚ್ಚು ಬೆಲೆಯ ಮನೆಯನ್ನು ಕೊಳ್ಳುವವನು ಶೇಕಡಾ ೧ರಷ್ಟನ್ನು ಮುರಿದುಕೊಂಡು ಸರಕಾರಕ್ಕೆ ಕಟ್ಟಬೇಕಾಗಿತ್ತು. ಠಾಣೆ, ನವಿ ಮುಂಬಯಿಗಳಲ್ಲಿ ಇದು ಶ್ರೀಮಂತರ ಮನೆಯ ಬೆಲೆಯಲ್ಲ. ಸಂಬಳದ ಮೇಲೆ ಸಾಲ ಮಾಡಿ ಕೊಳ್ಳುವ ಎರಡು ಕೋಣೆಗಳ ಬೆಲೆ. ಮಾರುವವನ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಮುರಿಯತಕ್ಕ ದರ ಶೇಕಡಾ ೨೦. ೬೦ ಲಕ್ಷದ ಮನೆಗೆ ೬೦,೦೦೦ ರೂಪಾಯಿ ಕಟ್ಟಿ ನಿಶ್ಚಿಂತನಾದವನ ಮೇಲೆ ಇನ್ನೂ ೧೧,೪೦,೦೦೦ ರೂಪಾಯಿಯ ಬೇಡಿಕೆ ಬರುತ್ತದೆ, ಅದರ ಮೇಲೆ ಬಡ್ಡಿ ಬೇರೆ. ಪ್ಯಾನ್ ಆತನದಲ್ಲ, ಹೆಸರು ಆತನದಲ್ಲ. ಮಾರಿದವನು ಪೂರ್ಣ ಹಣ ಪಡೆದು ಹೊರಟುಹೋಗಿದ್ದಾನೆ.

ಈ ಅನ್ಯಾಯವನ್ನು ಇಲಾಖೆಯು ಕಾಣದೆ ಇರಲಿಲ್ಲ. ೨೦೨೪ರ ಮಾರ್ಚ್ ೩೧ರವರೆಗಿನ ವ್ಯವಹಾರಗಳಲ್ಲಿ, ಮಾರಿದವನು ಮೇ ೩೧ರೊಳಗೆ ಜೋಡಣೆ ಮಾಡಿಕೊಂಡರೆ ಕೊಂಡವನಿಗೆ ಬಾಧೆಯಿಲ್ಲವೆಂದು ಆ ಏಪ್ರಿಲಿನಲ್ಲಿ ಸುತ್ತೋಲೆ ಹೊರಟಿತು. ಮಾರಿದವನು ಅಷ್ಟರಲ್ಲಿ ತೀರಿಕೊಂಡಿದ್ದರೆ ಏನು ಗತಿ ಎಂಬ ಪ್ರಶ್ನೆಗೆ ಆಗಸ್ಟಿನಲ್ಲಿ ಇನ್ನೊಂದು ಸುತ್ತೋಲೆ ಬೇಕಾಯಿತು. ೨೦೨೫ರ ಜುಲೈ ೨೧ರ ಸುತ್ತೋಲೆಯು ೨೦೨೪ರ ಏಪ್ರಿಲ್ ೧ರಿಂದ ೨೦೨೫ರ ಜುಲೈ ೩೧ರವರೆಗಿನ ಸಂದಾಯಗಳಿಗೆ ಸೆಪ್ಟೆಂಬರ್ ೩೦ರ ಗಡುವನ್ನೂ, ಮುಂದಿನವಕ್ಕೆ ಸಂದಾಯದ ತಿಂಗಳು ಮುಗಿದ ಮೇಲೆ ಎರಡು ತಿಂಗಳ ಅವಧಿಯನ್ನೂ ಕೊಟ್ಟಿತು. ಆದರೆ ಈ ರಿಯಾಯಿತಿಗಳಲ್ಲಿ ಮಾರಿದವನು ಬದುಕಿರುವಾಗಲೆಲ್ಲ ಜೋಡಣೆ ಮಾಡಬೇಕಾದವನು ಅವನೇ. ಕಲ್ಯಾಣದ ಮನೆಯನ್ನು ಮಾರಿ ಉಡುಪಿಯ ಕಡೆಗೆ ಮರಳಿದ ವೃದ್ಧನೊಬ್ಬನಿಗೆ, ಬೇರೊಬ್ಬನ ಋಣ ಹರಿಯಲೆಂದು ೧,೦೦೦ ರೂಪಾಯಿ ಕಟ್ಟಿ, ಹೆಸರು ತಿದ್ದಿಸಿ, ಬೆರಳಚ್ಚು ಕೊಡಬೇಕೆಂಬ ತುರ್ತೇನಿದೆ? ಆತನನ್ನು ಹುಡುಕಿ ಒಪ್ಪಿಸಲು ಕೊಂಡವನು ಮಾಡುವ ಪ್ರಯಾಣದ ಖರ್ಚೂ ಅದೇ ಬರೆಯದ ಖಾತೆಗೆ ಸೇರುತ್ತದೆ.