ಕಂದಪದ್ಯದ ದಾರಿಯಲ್ಲಿ ಹೋಮರನ ಕಡೆಗೆ

ಕಡೂರು, ತರೀಕೆರೆ, ಅಜ್ಜಂಪುರದ ಕಾಲೇಜುಗಳಲ್ಲಿ ಪ್ರಾಚೀನ ಗ್ರೀಕ್, ಲ್ಯಾಟಿನ್‌ಗೆಂದು ಬೇರೆ ವಿಭಾಗವಿಲ್ಲ. ಆದರೂ ಹಳಗನ್ನಡವನ್ನು ಮನಸ್ಸಿಟ್ಟು ಓದಿದ ಬಿಎ ವಿದ್ಯಾರ್ಥಿಗೆ ಹೋಮರ್, ವರ್ಜಿಲರನ್ನು ಮೂಲದಲ್ಲೇ ಓದಲು ಬೇಕಾದ ಸಿದ್ಧತೆ ಅರ್ಧದಷ್ಟು ಆಗಿಯೇ ಇರುತ್ತದೆ. ಇದನ್ನು ಅವರಿಗೆ ಯಾರೂ ಹೇಳುವುದಿಲ್ಲ ಎಂಬುದೇ ನನ್ನ ಕೊರಗು.

ಛಂದಸ್ಸನ್ನೇ ನೋಡಿ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಾಲಯವಿದೆ. ಅಲ್ಲಿನ ಶಾಸನ ಬರೆದವನು ಕವಿ ಜನ್ನ. ಅವನ ‘ಯಶೋಧರ ಚರಿತೆ’ ಬಹುಪಾಲು ಕಂದಪದ್ಯಗಳಲ್ಲಿದೆ. ಕಂದಕ್ಕೆ ನಾಲ್ಕು ಮಾತ್ರೆಯ ಗಣ. ಹೋಮರನ ‘ಇಲಿಯಡ್’, ವರ್ಜಿಲನ ‘ಈನಿಯಡ್’ ಎರಡರ ಛಂದಸ್ಸಾದ ಹೆಕ್ಸಾಮೀಟರ್ ಕೂಡ ಸಾಲಿಗೆ ನಾಲ್ಕು ಮಾತ್ರೆಯ ಆರು ಗಣಗಳದ್ದು. ಕಂದದಲ್ಲಿ ಆ ನಾಲ್ಕು ಮಾತ್ರೆ ಐದು ಬಗೆಯಲ್ಲಿ ಬರಬಹುದು. ಹೆಕ್ಸಾಮೀಟರಿನಲ್ಲಿ ಎರಡೇ ಬಗೆ: ಒಂದು ಗುರು ಎರಡು ಲಘು, ಅಂದರೆ ನಮ್ಮ ಭಗಣ. ಇಲ್ಲವೇ ಎರಡು ಗುರು. ಐದನೆಯದು ಸಾಮಾನ್ಯವಾಗಿ ಭಗಣವೇ. ಕೊನೆಯ ಗಣದಲ್ಲಿ ಎರಡೇ ಅಕ್ಷರ, ಅದರ ಕೊನೆಯಕ್ಷರ ಲಘುವಾದರೂ ಗುರುವಿನ ಲೆಕ್ಕ. ದೀರ್ಘ ಸ್ವರ ಗುರು, ಒತ್ತಕ್ಷರದ ಹಿಂದಿನದು ಗುರು ಎಂಬ ನಿಯಮ ಅಲ್ಲಿಯೂ ಇದೆ. ಒತ್ತು ರ, ಲ ಆಗಿದ್ದರೆ ಹಿಂದಿನಕ್ಷರ ಕೆಲವೊಮ್ಮೆ ಲಘುವಾಗಿಯೇ ಉಳಿಯುತ್ತದೆ. ಶಿಥಿಲದ್ವಿತ್ವ ಓದಿದವರಿಗೆ ಇದು ವಿಚಿತ್ರವೆನಿಸದು. ಲ್ಯಾಟಿನ್ ಪದ್ಯದಲ್ಲಿ ಸ್ವರಕ್ಕೆ ಸ್ವರ ಎದುರಾದರೆ ಸಾಮಾನ್ಯವಾಗಿ ಮೊದಲಿನದು ಬಿದ್ದುಹೋಗುತ್ತದೆ: ಲೋಪಸಂಧಿ. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ಕ್ಕೆ ಪ್ರಸ್ತಾರ ಹಾಕಿ ಕೈ ಪಳಗಿದವರು, ಅದರ ವಾರ್ಧಕ ಷಟ್ಪದಿಯ ಐದು ಮಾತ್ರೆಯ ಗಣದಿಂದ ನಾಲ್ಕಕ್ಕೆ ಇಳಿದರೆ ಸಾಕು.

ವ್ಯಾಕರಣವೂ ಅಪರಿಚಿತವಲ್ಲ. ಗ್ರೀಕ್‌ನಲ್ಲಿ ಐದು ವಿಭಕ್ತಿ, ಲ್ಯಾಟಿನ್‌ನಲ್ಲಿ ಆರು. ಲ್ಯಾಟಿನ್ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ, ನಮ್ಮಂತೆಯೇ. ಆದರೆ ‘ಮರಗಳಿಂದ’ ಎಂಬುದರಲ್ಲಿ ‘ಗಳು’, ‘ಇಂದ’ ಬೇರೆ ಮಾಡಿದಂತೆ ಅಲ್ಲಿ ಬಿಡಿಸಲಾಗದು. ಲಿಂಗ, ವಚನ, ವಿಭಕ್ತಿ ಒಂದೇ ಪ್ರತ್ಯಯದಲ್ಲಿ ಬೆಸೆದಿರುತ್ತವೆ. ಸಂಸ್ಕೃತ ಓದಿದವರಿಗೆ ಇಲ್ಲಿ ಹಾದಿ ಸಲೀಸು. ಗ್ರೀಕ್‌ನಲ್ಲಿ ದ್ವಿವಚನವೂ ಉಂಟು.

ಮೊದಲು ಕನ್ನಡದಲ್ಲಿ ಓದಿ. ಬಿ.ಎಂ.ಶ್ರೀ ಸೊಫೊಕ್ಲಿಸನ ‘ಅಜಾಕ್ಸ್’ ನಾಟಕವನ್ನು ಮಹಾಭಾರತಕ್ಕೆ ತಂದು 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಅವರದೇ ಅನುವಾದದಲ್ಲಿ ಈಸ್ಕಿಲಸನ ನಾಟಕ ‘ಪಾರಸಿಕರು’ ಆಗಿ 1935ರಲ್ಲಿ ಬಂತು. ಲಂಕೇಶರು ಈಡಿಪಸ್, ಆಂಟಿಗೊನೆಯರನ್ನು ಕನ್ನಡಕ್ಕೆ ತಂದರು. ತರೀಕೆರೆ ತಾಲ್ಲೂಕಿನವರೇ ಆದ ಕೆ. ಮರುಳಸಿದ್ದಪ್ಪ ಯೂರಿಪಿಡಿಸನ ‘ಮೀಡಿಯಾ’ವನ್ನು ಅನುವಾದಿಸಿದ್ದಾರೆ. ನಾಟಕ ಓದುವಾಗ ಮೇಳದ (ಕೋರಸ್) ಮಾತುಗಳನ್ನು ಹಾರಿಸಬೇಡಿ. ಯಕ್ಷಗಾನದ ಭಾಗವತರಿಲ್ಲದೆ ಪ್ರಸಂಗ ನಡೆಯದು. ಮೇಳವಿಲ್ಲದೆ ಗ್ರೀಕ್ ದುರಂತವೂ ಅಷ್ಟೇ.

ಭಾಷೆಗೆ ಕೈಹಾಕುವಾಗ ಒಂದನ್ನೇ ಹಿಡಿಯಿರಿ. ಲಿಪಿಯ ತೊಡಕಿಲ್ಲದ ಲ್ಯಾಟಿನ್ ಮೊದಲಾಗಲಿ ಎನ್ನುತ್ತೇನೆ. ಹೋಮರನೇ ಬೇಕೆಂಬ ಹಂಬಲವಿದ್ದರೆ ಗ್ರೀಕ್‌ನ 24 ಅಕ್ಷರ ದೊಡ್ಡ ಮಾತಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಗ್ರಂಥಾಲಯ ಉಚಿತ. ಮೂಲದ ಯಾವುದೇ ಪದ ಒತ್ತಿದರೆ ಅದರ ಧಾತು, ವಿಭಕ್ತಿ ತೋರಿಸುತ್ತದೆ. ಲೋಬ್ ಮಾಲೆಯ ಪುಸ್ತಕಗಳಲ್ಲಿ ಎಡಕ್ಕೆ ಮೂಲ, ಬಲಕ್ಕೆ ಇಂಗ್ಲಿಷ್ ಅನುವಾದ. ಹಸಿರು ರಟ್ಟು ಗ್ರೀಕ್‌ಗೆ, ಕೆಂಪು ಲ್ಯಾಟಿನ್‌ಗೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ.

ಪದವಿಯ ಬಳಿಕ ಇಂಗ್ಲಿಷ್ ಅಥವಾ ಕನ್ನಡ ಎಂಎ ಹತ್ತಿರದ ದಾರಿ. ನಮಗೆ ಸಮೀಪದ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿದೆ. ಎಂಎಯಲ್ಲಿ ಓದುವ ಪಾಶ್ಚಾತ್ಯ ಕಾವ್ಯಮೀಮಾಂಸೆ ಎಂದರೆ ಪ್ಲೇಟೊ, ಅರಿಸ್ಟಾಟಲ್, ಹೊರೇಸ್, ಲಾಂಜೈನಸ್ ಬಂದೇ ಬರುತ್ತಾರೆ. ವಿದೇಶಕ್ಕೆ ಹೋಗುವ ಆಸೆಯಿದ್ದರೆ, ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಕಲಿಯದವರಿಗೂ ಬಾಗಿಲಿದೆ: ಆಕ್ಸ್‌ಫರ್ಡ್‌ನ ನಾಲ್ಕು ವರ್ಷದ ಕ್ಲಾಸಿಕ್ಸ್ ಪದವಿಯಲ್ಲಿ ಮೊದಲಿಂದ ಭಾಷೆ ಕಲಿಸುವ ಶಾಖೆಯುಂಟು; ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಪದವಿ ಮುಗಿಸಿ ತಡವಾಗಿ ಬಂದವರಿಗೆಂದೇ ಭಾಷಾ ಕೋರ್ಸ್ ನಡೆಸುತ್ತವೆ. ಅರ್ಜಿಯಲ್ಲಿ ಹಳಗನ್ನಡ, ಸಂಸ್ಕೃತ ಓದಿದ್ದನ್ನು ಸಂಕೋಚವಿಲ್ಲದೆ ಮೊದಲೇ ಬರೆಯಿರಿ.